ಮುದಿ ನಾಯಿಯ ಆರೈಕೆ: ‘ವಯಸ್ಸಾಯ್ತು ಬಿಡಿ’ ಅನ್ನುವ ಮೊದಲು

ಕೆಂಪಿ ನಮ್ಮ ಮನೆಗೆ ಬಂದಾಗ ಅವಳ ವಯಸ್ಸೆಷ್ಟು ಅಂತ ಯಾರಿಗೂ ಗೊತ್ತಿರಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಇಸ್ತ್ರಿ ಗಾಡಿಯ ಕೆಳಗೆ ಮಲಗುತ್ತಿದ್ದವಳು. ಕಿವಿಯ ತುದಿ ಕತ್ತರಿಸಿತ್ತು, ಅಂದರೆ ಸಂತಾನಹರಣ ಚಿಕಿತ್ಸೆ ಆಗಿತ್ತು. ಬೈಕ್ ಬಡಿದು ಹಿಂಗಾಲು ಮುರಿದಾಗ ಗೇಟಿನೊಳಗೆ ಬಂದಳು. ಕಾಲು ಕೂಡಿದ ಮೇಲೂ ಹೊರಗೆ ಹೋಗಲಿಲ್ಲ. ಡಾಕ್ಟರು ಹಲ್ಲು ನೋಡಿ, “ಐದೋ ಆರೋ ಇರಬಹುದು” ಅಂದರು. ಅಲ್ಲಿಂದ ಒಂಬತ್ತು ವರ್ಷ ನಮ್ಮ ಜೊತೆ ಇದ್ದಳು.

ಕೊನೆಯ ಎರಡು ವರ್ಷಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಮಹಡಿ ಹತ್ತುವುದನ್ನು ನಿಲ್ಲಿಸಿದಳು. “ವಯಸ್ಸಾಯ್ತಲ್ಲ” ಅಂತ ಸುಮ್ಮನಾದೆ. ಆರು ತಿಂಗಳ ನಂತರ ಲಸಿಕೆಗೆ ಹೋದಾಗ ಡಾಕ್ಟರು ಸೊಂಟ ಒತ್ತಿದರು. ಒಂದು ಸಲವೂ ಯಾರ ಮೇಲೂ ಗುರ್ ಅಂದವಳಲ್ಲ, ಅವತ್ತು ಅವರ ಕೈಗೆ ಬಾಯಿ ಹಾಕಿದಳು. ಸಂಧಿವಾತ. ಆರು ತಿಂಗಳು ಸುಮ್ನೆ ನೋವು ತಿಂದಿದ್ದಳು. ವಯಸ್ಸಿಗೆ ಮದ್ದಿಲ್ಲ, ಸರಿ. ಆದರೆ ಸೊಂಟದ ನೋವಿಗಿದೆ, ಕೊಳೆತ ಹಲ್ಲಿಗಿದೆ, ಉಣ್ಣೆ ಕಚ್ಚಿ ಬರುವ ಉಣ್ಣೆಜ್ವರಕ್ಕಿದೆ.

ಮೊದಲು ಒಂದು ನೋಟ್‌ಬುಕ್ ತನ್ನಿ

ಬೀದಿಯಲ್ಲಿ ಬೆಳೆದ ನಾಯಿ ನೋವನ್ನು ತೋರಿಸಿಕೊಳ್ಳುವುದು ಕಡಿಮೆ. ಅಲ್ಲಿ ಕುಂಟಿದರೆ ಬೇರೆ ನಾಯಿಗಳು ಓಡಿಸುತ್ತವೆ, ಊಟವೂ ಹೋಗುತ್ತದೆ. ಮನೆಗೆ ಬಂದು ಎಷ್ಟು ವರ್ಷವಾದರೂ ಆ ಅಭ್ಯಾಸ ಉಳಿದಿರುತ್ತದೆ. ಅಳಲಿಲ್ಲ, ಹಾಗಾಗಿ ನೋವಿಲ್ಲ ಎಂದುಕೊಳ್ಳಬೇಡಿ. ಜಾಗ ಬದಲಿಸಿ ಮಲಗುವುದು, ಒಂದೇ ಕಡೆ ಅಗಿಯುವುದು, ಗೇಟ್ ಸದ್ದಾದರೂ ಏಳದಿರುವುದು, ಒಂದೇ ಕಾಲನ್ನು ನೆಕ್ಕುತ್ತಾ ಕೂರುವುದು. ನೋವು ಕಾಣುವುದು ಇಂಥ ಸಣ್ಣ ಬದಲಾವಣೆಗಳಲ್ಲೇ. ದಿನಾ ನೋಡುವ ಕಣ್ಣಿಗೆ ಇದು ಕಾಣುವುದಿಲ್ಲ. ಬರೆದಿಟ್ಟರೆ ಕಾಣುತ್ತದೆ.

ಏನು ಬರೆಯಬೇಕು? ತಿಂಗಳಿಗೊಮ್ಮೆ ತೂಕ. ನಾಯಿಯನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಲ್ಲಿ, ಆಮೇಲೆ ಬರೀ ನೀವು ನಿಲ್ಲಿ, ಕಳೆಯಿರಿ. 15 ಕಿಲೋ ನಾಯಿ ಒಂದೂವರೆ ಕಿಲೋ ಇಳಿದರೆ, 60 ಕಿಲೋದ ಮನುಷ್ಯ ಆರು ಕಿಲೋ ಇಳಿದಂತೆ. ಅದನ್ನು ಸಣ್ಣದು ಅನ್ನುವ ಹಾಗಿಲ್ಲ.

ನೀರನ್ನು ಅಳೆಯಿರಿ. ಬೆಳಿಗ್ಗೆ ಎರಡು ಲೀಟರ್ ಅಳೆದು ಇಡಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 50-60 ಮಿಲಿಲೀಟರ್ ಸಾಕಾಗುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ. ಕಿಲೋಗೆ 100 ಮಿಲಿಲೀಟರ್ ದಾಟಿದರೆ, ಅಂದರೆ 15 ಕಿಲೋ ನಾಯಿ ದಿನಕ್ಕೆ ಒಂದೂವರೆ ಲೀಟರ್ ಮೇಲೆ ಕುಡಿದರೆ, ಡಾಕ್ಟರ ಹತ್ತಿರ ಹೋಗಬೇಕು. ಕಿಡ್ನಿ, ಸಕ್ಕರೆ ಕಾಯಿಲೆ, ಹಾರ್ಮೋನಿನ ತೊಂದರೆ, ಯಾವುದೂ ಇರಬಹುದು. ಆಪರೇಷನ್ ಆಗದ ಹೆಣ್ಣು ನಾಯಿಯಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದಕ್ಕೆ ನಾಳೆ ಅನ್ನುವಂತಿಲ್ಲ.

ನಾಯಿ ನಿದ್ದೆಯಲ್ಲಿರುವಾಗ ಎದೆ ಎಷ್ಟು ಸಲ ಏರಿಳಿಯುತ್ತದೆ ಎಣಿಸಿ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರೆ ಆಯ್ತು. ನಿಮಿಷಕ್ಕೆ 30ರ ಒಳಗಿರಬೇಕು. ಮತ್ತೆ ಮತ್ತೆ ಅದಕ್ಕಿಂತ ಜಾಸ್ತಿ ಬಂದರೆ ಹೃದಯ ಅಥವಾ ಶ್ವಾಸಕೋಶದ ಪರೀಕ್ಷೆ ಬೇಕು. ಒಸಡು ಗುಲಾಬಿ ಬಣ್ಣದಲ್ಲಿರಬೇಕು. ನಮ್ಮ ಊರಿನ ಎಷ್ಟೋ ನಾಯಿಗಳಿಗೆ ಒಸಡೇ ಕಪ್ಪು. ಅಂಥವಕ್ಕೆ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಭಾಗ ನೋಡಿ.

ಕೊನೆಗೆ, ದಿನದ ಕೊನೆಯಲ್ಲಿ ಒಂದು ಗುರುತು. ಒಳ್ಳೆಯ ದಿನಕ್ಕೆ ಸೊನ್ನೆ, ಕೆಟ್ಟ ದಿನಕ್ಕೆ ಅಡ್ಡಗೆರೆ. ಇದು ಮುಂದೆ ಬೇಕಾಗುತ್ತದೆ.

ಆರು ತಿಂಗಳಿಗೊಮ್ಮೆ ಪರೀಕ್ಷೆ

ಎಂಟು ವರ್ಷ ದಾಟಿದೆ ಅನ್ನಿಸಿದರೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ರಕ್ತದ ಜೊತೆ ಮೂತ್ರವನ್ನೂ ಕೊಡಿ. ಯಾಕೆಂದರೆ ಕಿಡ್ನಿಯ ಮುಕ್ಕಾಲು ಭಾಗ ಕೆಲಸ ನಿಲ್ಲಿಸುವ ತನಕ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ಹೆಚ್ಚಾಗದೆ ಇರಬಹುದು. ಮೂತ್ರ ನೀರಿನಂತೆ ತೆಳುವಾಗುವುದು ಅದಕ್ಕಿಂತ ಮೊದಲು. ಮೂತ್ರ ಹಿಡಿಯುವುದು ಹೇಗೆ ಅಂತ ಕೇಳುತ್ತೀರಿ, ಅಲ್ವಾ? ಹಳೆಯ ಸೌಟೊಂದನ್ನು ಕುದಿನೀರಲ್ಲಿ ತೊಳೆದು ಇಟ್ಟುಕೊಳ್ಳಿ. ಬೆಳಗಿನ ಮೊದಲ ಮೂತ್ರಕ್ಕೆ ಕೂತಾಗ ಹಿಂದಿನಿಂದ ಮೆಲ್ಲಗೆ ಒಡ್ಡಿ. ಅಕ್ಕಪಕ್ಕದವರು ನೋಡುತ್ತಾರೆ, ನೋಡಲಿ.

ಬೀದಿಯಿಂದ ಬಂದ ನಾಯಿಯಾದರೆ ಉಣ್ಣೆಜ್ವರದ ಪರೀಕ್ಷೆಯನ್ನು ಕೇಳಿಯೇ ಮಾಡಿಸಿ. ಎರ್ಲಿಕಿಯಾ ಎಂಬ ರೋಗಾಣು ವರ್ಷಗಟ್ಟಲೆ ಒಳಗೇ ಕೂತು ಆಮೇಲೆ ಪ್ಲೇಟ್‌ಲೆಟ್ ಇಳಿಸಬಲ್ಲದು. ಮಂಕು, ಸೊರಗುವಿಕೆ, ಮೂಗಲ್ಲಿ ರಕ್ತ ಬರುತ್ತದೆ. ಮೊದಲೆರಡನ್ನು ನಾವು ಮುಪ್ಪಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ.

ಕಣ್ಣಿನ ಬಗ್ಗೆ ಒಂದು ಮಾತು. ಮುದಿ ನಾಯಿಯ ಕಣ್ಣಲ್ಲಿ ನೀಲಿ ಮಂಜಿನಂಥದ್ದು ಕಂಡ ಕೂಡಲೇ ಪೊರೆ ಬಂತು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ವಯಸ್ಸಿನಿಂದ ಲೆನ್ಸ್ ಗಟ್ಟಿಯಾಗಿರುವುದು ಅಷ್ಟೇ, ದೃಷ್ಟಿಗೆ ಹೆಚ್ಚು ತೊಂದರೆಯಿಲ್ಲ. ಪೊರೆಯಾದರೆ ಬಿಳಿಯಾಗಿರುತ್ತದೆ. ಯಾವುದೆಂದು ಡಾಕ್ಟರು ಟಾರ್ಚ್ ಹಾಕಿ ನೋಡಿ ಹೇಳುತ್ತಾರೆ.

ಖರ್ಚಿನ ಚಿಂತೆ ಎಲ್ಲರಿಗೂ ಇರುತ್ತದೆ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನೀವು ಹತ್ತಿರದಲ್ಲಿದ್ದರೆ ಅಲ್ಲಿನ ಆಸ್ಪತ್ರೆಯನ್ನು ವಿಚಾರಿಸಿ. ಸರ್ಕಾರಿ ಪಶು ಆಸ್ಪತ್ರೆ ಬರೀ ದನಕರುಗಳಿಗೆ ಅಂದುಕೊಂಡು ಕೇಳದೇ ಇರಬೇಡಿ.

ನೆಲಕ್ಕೆ ಗೋಣಿಚೀಲ ಹಾಸಿ

ಮುದಿ ನಾಯಿಗೆ ನಮ್ಮ ಮನೆಗಳಲ್ಲಿ ಅತಿ ದೊಡ್ಡ ಶತ್ರು ಹೊಳೆಯುವ ಟೈಲ್ಸ್. ಸೊಂಟದ ಬಲ ಕಡಿಮೆಯಾದ ನಾಯಿ ಏಳಲು ಹೋದಾಗ ಹಿಂಗಾಲು ಎರಡು ಕಡೆಗೂ ಜಾರುತ್ತದೆ. ಎರಡು ಸಲ ಬಿದ್ದರೆ ಆಮೇಲೆ ಏಳುವ ಧೈರ್ಯವೇ ಮಾಡುವುದಿಲ್ಲ. ಏಳದಿದ್ದರೆ ಮಾಂಸಖಂಡ ಕರಗುತ್ತದೆ, ಕರಗಿದರೆ ಏಳಲು ಇನ್ನೂ ಕಷ್ಟ.

ದುಬಾರಿ ಮ್ಯಾಟ್ ಬೇಡ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಒಂದು ದಾರಿ ಮಾಡಿ. ತೊಳೆದ ಗೋಣಿಚೀಲ, ತೆಂಗಿನ ನಾರಿನ ಮ್ಯಾಟ್, ಹಳೆಯ ಯೋಗ ಮ್ಯಾಟ್, ಯಾವುದಾದರೂ ಆದೀತು. ಅಂಚು ಮಡಚಿಕೊಳ್ಳದಂತೆ ಟೇಪ್ ಹಾಕಿ. ಜಮಖಾನ ಮಾತ್ರ ಬೇಡ, ಅದೇ ಜಾರುತ್ತದೆ. ನಾವು ಮೊದಲು ಅದನ್ನೇ ಹಾಕಿ ಕೆಂಪಿಯನ್ನು ಅಡುಗೆಮನೆ ತನಕ ಜಾರುಬಂಡಿ ಆಡಿಸಿದೆವು.

ಉಗುರು ಗಮನಿಸಿ. ನಡಿಗೆ ಕಡಿಮೆಯಾದಂತೆ ಸವೆಯುವುದಿಲ್ಲ, ಉದ್ದ ಬೆಳೆದು ಕಾಲಿನ ಊರುವಿಕೆಯನ್ನೇ ಕೆಡಿಸುತ್ತದೆ. ನಡೆಯುವಾಗ ಟಕ್ ಟಕ್ ಸದ್ದು ಬಂದರೆ ಕತ್ತರಿಸುವ ಹೊತ್ತಾಯ್ತು. ಮೆಟ್ಟಿಲು ಇಳಿಸುವಾಗ ಹಳೆಯ ಟವೆಲ್ಲನ್ನು ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಹಾಯಿಸಿ ಎರಡೂ ತುದಿ ಮೇಲೆ ಹಿಡಿದುಕೊಳ್ಳಿ. ಎತ್ತಬೇಡಿ, ಭಾರ ಹಂಚಿಕೊಂಡರೆ ಸಾಕು.

ಪೂರ್ತಿ ಮಲಗಿಬಿಟ್ಟ ನಾಯಿಯಾದರೆ ದಪ್ಪ ಹಾಸಿಗೆ ಬೇಕು. ಎರಡರಿಂದ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೊಣಕೈ, ಸೊಂಟದ ಮೂಳೆಯ ಹತ್ತಿರ ಕೂದಲು ಉದುರಿ ಕೆಂಪಾದರೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ಮೂತ್ರದಲ್ಲಿ ಒದ್ದೆಯಾದ ಚರ್ಮ ಬೇಗ ಸುಡುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ.

ಮಾತ್ರೆ, ಊಟ

ಮನೆಯ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ. ನಾವು ತಿನ್ನುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಅಪಾಯ. ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲಿ ನಿಲ್ಲಿಸಿದ್ದು ಯಾಕೆ ಗೊತ್ತೇ? ಆ ಔಷಧಿ ಕೊಟ್ಟಿದ್ದ ದನ ಸತ್ತಾಗ, ಅದರ ಮಾಂಸ ತಿಂದ ರಣಹದ್ದುಗಳು ಕಿಡ್ನಿ ಹೋಗಿ ಸಾಯುತ್ತಿದ್ದವು. ನಾಯಿಗಳಿಗೆಂದೇ ನೋವಿನ ಮಾತ್ರೆಗಳಿವೆ. ಅವನ್ನೂ ಕಿಡ್ನಿ, ಲಿವರ್ ನೋಡಿಯೇ ಕೊಡುತ್ತಾರೆ.

ಸಾಂಬಾರನ್ನ ಬೇಡ, ಈರುಳ್ಳಿ ಬೆಳ್ಳುಳ್ಳಿ ಎರಡೂ ರಕ್ತಕಣ ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿಯೂ ಬೇಡ. ಹಬ್ಬದ ದಿನ ಅಜ್ಜಿ ತಾತಂದಿರ ಮೇಲೆ ಒಂದು ಕಣ್ಣಿರಲಿ. ಕಿಡ್ನಿ ತೊಂದರೆ ಇದೆ ಎಂದು ಗೊತ್ತಾದ ದಿನವೇ ಮೊಟ್ಟೆ, ಮಾಂಸ ಎಲ್ಲ ನಿಲ್ಲಿಸಿ ಬರೀ ಮೊಸರನ್ನ ಹಾಕುವವರಿದ್ದಾರೆ. ಅದರಿಂದ ನಾಯಿ ಇನ್ನಷ್ಟು ಸೊರಗುತ್ತದೆ. ಏನನ್ನು ಎಷ್ಟು ಕಡಿಮೆ ಮಾಡಬೇಕು ಅಂತ ರಿಪೋರ್ಟ್ ನೋಡಿದ ಡಾಕ್ಟರೇ ಹೇಳಲಿ. ವಾಸನೆ ಗ್ರಹಿಕೆ ಮಂದವಾಗಿರುತ್ತದೆ, ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ಎಷ್ಟೋ ಸಲ ತಿನ್ನುತ್ತವೆ.

ಮಾತ್ರೆಯನ್ನು ಇಡ್ಲಿ ಚೂರಿನಲ್ಲಿ ಇಟ್ಟು ಕೊಡಬಹುದು. ಕೆಂಪಿ ಇಡ್ಲಿ ತಿಂದು ಮಾತ್ರೆಯನ್ನು ಒಣಗಿದ ನೆಲದ ಮೇಲೆ ಶುಚಿಯಾಗಿ ಇಡುತ್ತಿದ್ದಳು. ಮೂರು ಚೂರು ಮಾಡಿ, ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಕಣ್ಣೆದುರಿಗೇ ಹಿಡಿದುಕೊಂಡರೆ ಗಡಿಬಿಡಿಯಲ್ಲಿ ನುಂಗುತ್ತಿದ್ದಳು.

ರಾತ್ರಿಗಳು, ಮತ್ತು ಆ ಒಂದು ಬೆಳಿಗ್ಗೆ

ಹಗಲೆಲ್ಲ ನಿದ್ದೆ, ರಾತ್ರಿ ಎರಡು ಗಂಟೆಗೆ ಮನೆ ತುಂಬ ಓಡಾಟ. ಗೋಡೆ ನೋಡುತ್ತಾ ನಿಲ್ಲುವುದು, ಬಾಗಿಲ ಸಂದಿಗೆ ಹೋಗಿ ತಿರುಗಿ ಬರಲು ಗೊತ್ತಾಗದೆ ಇರುವುದು. ನಾಯಿಗಳಿಗೂ ಅರಳುಮರಳು ಬರುತ್ತದೆ. ಗುಣವಾಗುವುದಿಲ್ಲ, ಆದರೆ ಔಷಧಿಯಿಂದ ಕೆಲವಕ್ಕೆ ಅನುಕೂಲವಾಗುತ್ತದೆ. ಸಂಜೆ ಒಂದು ಸುತ್ತು ನಡಿಗೆ, ರಾತ್ರಿ ಸಣ್ಣ ದೀಪ ಇರಲಿ. ಪೀಠೋಪಕರಣ ಇದ್ದಲ್ಲೇ ಇರಲಿ. ಹಾಗಂತ ರಾತ್ರಿ ಓಡಾಟವೆಲ್ಲ ಅರಳುಮರಳೇ ಅಲ್ಲ, ನೋವಿಗೂ ಹೀಗಾಗುತ್ತದೆ. ನೋವಿಲ್ಲ ಅಂತ ಮೊದಲು ಖಚಿತಪಡಿಸಿಕೊಳ್ಳಿ.

ಕಿವುಡಾದ ನಾಯಿಯನ್ನು ಹಿಂದಿನಿಂದ ಮುಟ್ಟಿ ಎಬ್ಬಿಸಬೇಡಿ, ಬೆಚ್ಚಿಬಿದ್ದು ಕಚ್ಚಬಹುದು. ಹಿಂದೆ ಏಟು ತಿಂದ ನಾಯಿಯಾದರೆ ಇನ್ನೂ ಹುಷಾರು. ಹಾಸಿಗೆಯ ಹತ್ತಿರ ನೆಲ ತಟ್ಟಿ, ನೆಲದ ಅದುರುವಿಕೆಗೆ ಏಳುತ್ತದೆ. ಕಿವುಡಿನಿಂದ ಒಂದು ಲಾಭವೂ ಆಯಿತು ನಮಗೆ. ಪಟಾಕಿಗೆ ಮಂಚದ ಕೆಳಗೆ ನಡುಗುತ್ತಿದ್ದವಳು ಕೊನೆಯ ದೀಪಾವಳಿಯಲ್ಲಿ ಹಾಲ್ ಮಧ್ಯೆ ಕಾಲು ಚಾಚಿ ಗೊರಕೆ ಹೊಡೆದಳು.

ಇನ್ನು ಆ ಬೆಳಿಗ್ಗೆ. ಎದ್ದು ನೋಡಿದರೆ ಕೆಂಪಿಯ ತಲೆ ಒಂದು ಕಡೆ ವಾಲಿತ್ತು, ಕಣ್ಣುಗುಡ್ಡೆ ಪಟಪಟ ಅಲುಗಾಡುತ್ತಿತ್ತು. ಎದ್ದರೆ ಬೀಳುತ್ತಿದ್ದಳು, ವಾಂತಿ ಬೇರೆ. ಲಕ್ವ ಹೊಡೆದಿದೆ, ಮುಗಿಯಿತು ಅಂದುಕೊಂಡೆವು. ಹೋದ ಮೊದಲ ಕ್ಲಿನಿಕ್ಕಿನಲ್ಲೂ “ವಯಸ್ಸಾಗಿದೆ, ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವುದೇ ಒಳ್ಳೆಯದು” ಅಂದರು. ನಮ್ಮ ಹಳೆಯ ಡಾಕ್ಟರು ಪರೀಕ್ಷೆ ಮಾಡಿ ನಕ್ಕರು. ಒಳಕಿವಿಯ ಸಮತೋಲನದ ತೊಂದರೆ ಅದು, ಮುದಿ ನಾಯಿಗಳಿಗೆ ಇದ್ದಕ್ಕಿದ್ದಂತೆ ಬರುತ್ತದೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ, ಎರಡು ಮೂರು ದಿನದಲ್ಲಿ ಚೇತರಿಕೆ ಶುರುವಾಗುತ್ತದೆ. ಕೆಂಪಿ ಮೂರನೇ ವಾರಕ್ಕೆ ನಡೆದಳು, ತಲೆ ಮಾತ್ರ ಸ್ವಲ್ಪ ವಾಲಿಯೇ ಉಳಿಯಿತು. ಅದಾದ ಮೇಲೆ ಹದಿನಾಲ್ಕು ತಿಂಗಳು ಇದ್ದಳು. ಹೀಗಾದರೆ ಅದೇ ದಿನ ತೋರಿಸಿ, ಕಿವಿಯ ಸೋಂಕು, ಮಿದುಳಿನ ತೊಂದರೆಯೂ ಇರಬಹುದು. ಆದರೆ ಅದೇ ದಿನ ಕೊನೆಯ ನಿರ್ಧಾರ ಬೇಡ.

ಕೆಲವಕ್ಕೆ ಕಾಯುವಂತಿಲ್ಲ. ಒಸಡು ಬಿಳಚಿಕೊಂಡರೆ ಅಥವಾ ನೀಲಿಯಾದರೆ, ಹೊಟ್ಟೆ ಉಬ್ಬಿ ವಾಂತಿ ಬರದೆ ಓಕರಿಸುತ್ತಿದ್ದರೆ, ಮೂತ್ರ ಕಟ್ಟಿದರೆ, ಫಿಟ್ಸ್ ಐದು ನಿಮಿಷ ದಾಟಿದರೆ ರಾತ್ರಿಯಾದರೂ ಹೊರಡಿ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಕೊನೆಯ ನಿರ್ಧಾರ

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಇದಕ್ಕೊಂದು ಲೆಕ್ಕ ಮಾಡಿಕೊಟ್ಟಿದ್ದಾರೆ. ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯೇ ಅನ್ನುವುದು, ಹೀಗೆ ಏಳು ವಿಷಯ. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರ ತನಕ ಅಂಕ. ಚೆನ್ನಾಗಿದ್ದರೆ ಹೆಚ್ಚು. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಮನೆಯ ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಿ, ಆಮೇಲೆ ಹೋಲಿಸಿ. ನಾನು 41 ಹಾಕಿದ್ದೆ, ನಮ್ಮನೆಯವರು 26. ನನಗೆ ಕೋಪ ಬಂತು. ಅವರು ಮಾತಾಡದೆ ನೋಟ್‌ಬುಕ್ ತಂದಿಟ್ಟರು. ಹಿಂದಿನ ಹದಿನಾಲ್ಕು ದಿನಗಳಲ್ಲಿ ಒಳ್ಳೆಯ ದಿನದ ಸೊನ್ನೆ ಇದ್ದದ್ದು ಮೂರು. ಅಡ್ಡಗೆರೆ ಹಾಕಿದ್ದ ಕೈ ನನ್ನದೇ.

ದಯಾಮರಣದಲ್ಲಿ ಏನಾಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಭಯ ಕಡಿಮೆ. ಸಾಮಾನ್ಯವಾಗಿ ಮೊದಲು ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ನಾಯಿ ನಿದ್ದೆಗೆ ಜಾರಿದ ಮೇಲೆ ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕೆಲವೇ ನಿಮಿಷ. ಕಣ್ಣು ತೆರೆದೇ ಇರುತ್ತದೆ, ಒಂದೆರಡು ಸಲ ದೀರ್ಘ ಉಸಿರು ಬಂದಂತೆ ಕಾಣಬಹುದು, ಮೂತ್ರ ಹೋಗಬಹುದು. ಅದು ನೋವಿನಿಂದಲ್ಲ. ಮಂಪರು ಕೊಡುತ್ತೀರಾ ಅಂತ ಮೊದಲೇ ಕೇಳಿ. ಮನೆಗೇ ಬರುತ್ತೀರಾ ಅಂತಲೂ ಕೇಳಿ. ಕೆಂಪಿಗೆ ಹಿತ್ತಲ ಬಾಗಿಲ ಹತ್ತಿರ, ಬಿಸಿಲು ಬೀಳುವ ಜಾಗದಲ್ಲಿ ಆಯಿತು.

ಹೂಳುವುದಾದರೆ ಸ್ವಂತ ಜಾಗ ಬೇಕು. ಮೂರು ನಾಲ್ಕು ಅಡಿ ಆಳ ಇರಲಿ, ಬಾವಿ, ಬೋರ್‌ವೆಲ್‌ನಿಂದ ದೂರವಿರಲಿ, ಮೇಲೆ ಕಲ್ಲು ಹೇರಿ. ಬೆಂಗಳೂರಿನವರಾದರೆ ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ. ಬೇರೆ ಊರಿನವರು ಪಾಲಿಕೆಯಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಆ ಹೊತ್ತಲ್ಲಿ ಫೋನ್ ನಂಬರ್ ಹುಡುಕುವುದು ಯಾರಿಗೂ ಆಗುವುದಿಲ್ಲ.

ಹಾಸಿಗೆ, ಬಟ್ಟಲು, ಉಳಿದ ಆಹಾರವನ್ನು ಹತ್ತಿರದ ಪ್ರಾಣಿ ಆಶ್ರಯಕ್ಕೆ ಕೊಟ್ಟೆವು. ಒಡೆಯದ ಮಾತ್ರೆ ಪಟ್ಟಿಗಳನ್ನು ಡಾಕ್ಟರೇ ತೆಗೆದುಕೊಂಡರು. ಗೋಣಿಚೀಲಗಳನ್ನು ಎತ್ತಲು ಹೋದಾಗ ನಮ್ಮತ್ತೆ ಬೇಡ ಅಂದರು. ಅವರಿಗೆ ಎಪ್ಪತ್ತಾರು. ರಾತ್ರಿ ಬಚ್ಚಲಿಗೆ ಹೋಗುವಾಗ ಆ ದಾರಿಯಲ್ಲೇ ನಡೆಯುವುದಂತೆ, ಕಾಲು ಜಾರುವುದಿಲ್ಲವಂತೆ.