‘ಮತ್ತು ತಂಡ’ ಅಂತ ಬರೆಸಬೇಡಿ: ಕೊಡಗಿನ ಕಲಾವಿದರಿಗೆ ನೆರವು, ಮನೆ, ಪ್ರಶಸ್ತಿ ಸಿಗುವ ದಾರಿ

ನಮ್ಮೂರಿನಲ್ಲಿ ವಾಲಗ ಊದುವ ಅಜ್ಜ ಒಬ್ಬರಿದ್ದಾರೆ. ನಾನು ಮದುವೆಯಾಗಿ ನಾಪೋಕ್ಲು ಕಡೆಯ ಈ ಊರಿಗೆ ಬಂದ ದಿನ ದಿಬ್ಬಣದ ಮುಂದೆ ನಡೆದವರು ಅವರೇ. ನನ್ನ ಮಾವ ತೀರಿಕೊಂಡ ದಿನ ಅಂಗಳದಲ್ಲಿ ನಿಂತು ಊದಿದವರೂ ಅವರೇ. ಎರಡು ಮಳೆಗಾಲದ ಹಿಂದೆ ಒಂದು ಮಧ್ಯಾಹ್ನ, ಬಿಸ್ಕತ್ತಿನ ಹಳೇ ಡಬ್ಬಿಯೊಂದನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ನಮ್ಮ ಜಗಲಿಗೆ ಬಂದರು.

“ಟೀಚರೇ, ಕಲಾವಿದರಿಗೆ ತಿಂಗಳು ತಿಂಗಳು ದುಡ್ಡು ಕೊಡ್ತಾರಂತೆ. ನನಗೂ ಸಿಗ್ತದಾ?”

ಡಬ್ಬಿಯಲ್ಲಿ ಊರಹಬ್ಬದ ಆಮಂತ್ರಣ ಪತ್ರಿಕೆಗಳಿದ್ದವು. ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ತಲೆಯ ಪಿನ್ನು ತೆಗೆದು ಮೆಲ್ಲಗೆ ಒಂದೊಂದನ್ನೇ ಬಿಡಿಸಿದೆ. ಮೂವತ್ತೊಂದು ಕಾರ್ಡು. ಒಂದೊಂದರಲ್ಲೂ ವಾಲಗದ ಸಾಲು ಹುಡುಕಿದೆ. ಎಲ್ಲದರಲ್ಲೂ ತಂಡದ ಮುಖ್ಯಸ್ಥರ ಹೆಸರು, ಅದರ ಮುಂದೆ ‘ಮತ್ತು ತಂಡ’. ನಮ್ಮ ಅಜ್ಜ ಆ ‘ತಂಡ’ದ ಒಳಗೆ ನಲವತ್ತು ವರ್ಷ ಊದಿದ್ದಾರೆ. ಒಂದು ಕಾರ್ಡಿನಲ್ಲೂ ಅವರ ಹೆಸರಿಲ್ಲ.

ಆದರೂ ಅರ್ಜಿ ಹಾಕಿದೆವು. ಕಲಾಸೇವೆಗೆ ದಾಖಲೆ ಸಾಲದು ಅಂತ ವಾಪಸ್ ಬಂತು. ಆಮೇಲೆ ದೇವಸ್ಥಾನ ಸಮಿತಿ, ಪಂಚಾಯಿತಿ, ಅವರನ್ನು ಕರೆಸಿದ್ದ ನಾಲ್ಕು ಮನೆಯವರು, ಎಲ್ಲರ ಹತ್ತಿರ ಪತ್ರ ಬರೆಸಿಕೊಂಡು, ಮದುವೆ ಆಲ್ಬಂಗಳಲ್ಲಿ ಅವರ ಮುಖ ಹುಡುಕಿ, ಫೋಟೋ ತೆಗೆಸಿ ಮತ್ತೆ ಹಾಕಿದೆವು. ಎಂಟು ತಿಂಗಳು ಹಿಡಿಯಿತು. ಅವತ್ತಿನಿಂದ ನನ್ನ ಜಗಲಿಗೆ ಇಂಥ ಡಬ್ಬಿಗಳು ಬರುತ್ತಲೇ ಇವೆ. ದುಡಿ ಬಾರಿಸಿಕೊಂಡು ದುಡಿಕೊಟ್ಟ್ ಪಾಟ್ ಹಾಡುವವರು, ಉಮ್ಮತ್ತಾಟ್ ಕುಣಿಯುವ ತಂಡದ ಹೆಂಗಸರು, ಬುಟ್ಟಿ ಹೆಣೆಯುವ ಮೇದರು, ಎರವ ಆದಿವಾಸಿಗಳ ಹಾಡಿಯ ಹುಡುಗರು. ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಅರ್ಜಿ ಅಲ್ಲ, ಫೈಲು. ಇವತ್ತೇ ಶುರು ಮಾಡಿ. ಇಪ್ಪತ್ತು ವರ್ಷದ ಹುಡುಗನಾದರೂ ಸರಿ. ಕಾರ್ಯಕ್ರಮ ಮುಗಿದ ಕೂಡಲೇ ಆಮಂತ್ರಣ ಪತ್ರಿಕೆ, ಒಂದು ಫೋಟೋ, ಪೇಪರ್‌ನಲ್ಲಿ ಬಂದ ಸುದ್ದಿ, ಈ ಮೂರನ್ನೂ ಫೈಲಿಗೆ ಹಾಕಿ. ‘ಶಕ್ತಿ’ಯಲ್ಲೋ ಬೇರೆ ಪತ್ರಿಕೆಯಲ್ಲೋ ಸುದ್ದಿ ಬಂದರೆ ಬರೀ ನಿಮ್ಮ ಫೋಟೋ ಮಾತ್ರ ಕತ್ತರಿಸಬೇಡಿ. ಪತ್ರಿಕೆಯ ಹೆಸರು, ತಾರೀಖು ಇರುವ ಮೇಲಿನ ಪಟ್ಟಿಯೂ ಬೇಕು. ತಾರೀಖಿಲ್ಲದ ತುಣುಕು ಸುಮ್ನೆ ಕಾಗದ. ಮಡಿಕೇರಿ ಆಕಾಶವಾಣಿಯಲ್ಲಿ ಹಾಡಿದ್ದರೆ ಅವರು ಕಳಿಸಿದ ಕರಾರು ಪತ್ರ ಬಂಗಾರದಂಥ ದಾಖಲೆ. ಅದರಲ್ಲಿ ನಿಮ್ಮ ಹೆಸರು, ದಿನ, ಕಲೆ ಎಲ್ಲಾ ಇರುತ್ತದೆ.

ನಮ್ಮ ಮಳೆ ಗೊತ್ತಲ್ವಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮನೆ ಜೊತೆ ಕಾಗದಪತ್ರವನ್ನೂ ಕಳೆದುಕೊಂಡವರು ಎಷ್ಟೋ ಜನ. ಹಾಗಾಗಿ ಪ್ರತಿಯೊಂದನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದು ಮಗಳಿಗೋ ಮೊಮ್ಮಗನಿಗೋ ವಾಟ್ಸಾಪ್ ಮಾಡಿ, ಒಂದು ಇಮೇಲ್‌ನಲ್ಲೂ ಇಡಿ. ಮೂಲ ಪ್ರತಿ ಒಲೆಮನೆಯ ಅಟ್ಟದಲ್ಲಿ ಇರಲಿ, ಬೆಚ್ಚಗಿರುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಒಳಗೆ ತೇವ ಉಳಿದರೆ ಅಕ್ಷರವೇ ಹೋಗುತ್ತದೆ.

ಇನ್ನು ಹೆಸರಿನ ವಿಷಯ. ಕೊಡಗಿನಲ್ಲಿ ಇದು ದೊಡ್ಡ ತಲೆನೋವು. ಮನೆತನದ ಹೆಸರು ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಹಿಂದೆ, ರೇಷನ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಸನ್ಮಾನ ಪತ್ರದಲ್ಲಿ ಊರಿನವರು ಕರೆಯುವ ಹೆಸರು. ಕಂಪ್ಯೂಟರಿಗೆ ಇವರು ನಾಲ್ಕು ಜನ. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬ್ಯಾಂಕಿನಲ್ಲಿ ತಿದ್ದಿಸಿ, ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಆದಾಯದ್ದು 5 ವರ್ಷ ನಡೆಯುತ್ತದೆ. ಅರ್ಜಿ ಕರೆದ ಮೇಲೆ ಓಡಿದರೆ ಕೊನೇ ದಿನ ದಾಟಿಹೋಗುತ್ತದೆ.

ಈಗ ದುಡ್ಡಿನ ಮಾತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಸಾಹಿತಿ, ಕಲಾವಿದರಿಗೆ ಮಾಸಾಶನ ಕೊಡುತ್ತದೆ. 58 ವರ್ಷ ತುಂಬಿರಬೇಕು, ಆದಾಯ ಕಡಿಮೆ ಇರಬೇಕು, ವರ್ಷಗಟ್ಟಲೆ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಇರಬೇಕು. ಅಲ್ಲೇ ನಮ್ಮ ಅಜ್ಜ ಸಿಕ್ಕಿಹಾಕಿಕೊಂಡದ್ದು. ವಾದ್ಯ, ವೇಷಭೂಷಣ ಕೊಳ್ಳಲು, ಸಂಘಗಳು ಕಾರ್ಯಕ್ರಮ ಮಾಡಲು, ಚಿತ್ರ ಮತ್ತು ಶಿಲ್ಪ ಪ್ರದರ್ಶನಕ್ಕೆ ಬೇರೆ ಬೇರೆ ಧನಸಹಾಯ ಇದೆ. ಅರ್ಜಿ ಸೇವಾ ಸಿಂಧು ಪೋರ್ಟಲ್ ಮೂಲಕ. ಗ್ರಾಮ ಒನ್‌ನಲ್ಲಿ ಹಾಕಿಸಬಹುದು. ಪರಿಶಿಷ್ಟ ಜಾತಿ, ಪಂಗಡದ ಕಲಾವಿದರಿಗೆ ವಿಶೇಷ ಘಟಕ ಮತ್ತು ಗಿರಿಜನ ಉಪಯೋಜನೆಯಲ್ಲಿ ಪ್ರತ್ಯೇಕ ಹಣ ಇರುತ್ತದೆ. ಹಾಡಿಗಳಲ್ಲಿ ಇದು ಗೊತ್ತೇ ಇರುವುದಿಲ್ಲ. ವರ್ಷವಿಡೀ ಅರ್ಜಿ ತೆಗೆದುಕೊಳ್ಳುವುದಿಲ್ಲ, ಪ್ರಕಟಣೆ ಬಂದಾಗ ಮಾತ್ರ. ಅದಕ್ಕೇ ತಿಂಗಳಿಗೊಮ್ಮೆ ಮಡಿಕೇರಿಯ ಜಿಲ್ಲಾ ಕಚೇರಿಗೆ ಒಂದು ಫೋನ್ ಮಾಡಿ ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಸಂತೆಗೆ ಹೋದ ದಿನ ಮಾಡಿದರೆ ನೆನಪಿರುತ್ತದೆ.

ಕೇಂದ್ರ ಸಂಸ್ಕೃತಿ ಸಚಿವಾಲಯದಲ್ಲೂ ಹಿರಿಯ ಕಲಾವಿದರಿಗೆ ನೆರವು ಇದೆ. 60 ದಾಟಿರಬೇಕು, ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ತಿಂಗಳಿಗೆ 6,000ದವರೆಗೆ ಸಿಗಬಹುದು. ಆದರೆ ಮೊದಲು ರಾಜ್ಯದ ಮಾಸಾಶನ ಬರುತ್ತಿರಬೇಕು. ಹಾಗಾಗಿ ರಾಜ್ಯದ್ದು ಮೊದಲು, ದಿಲ್ಲಿಯದು ಆಮೇಲೆ.

ಮಕ್ಕಳಿಗೆ, ಯುವಕರಿಗೆ ದಾರಿ ಇನ್ನೂ ಜಾಸ್ತಿ. ಇಲಾಖೆಯ ‘ಚಿಗುರು’ ಮಕ್ಕಳಿಗೆ, ‘ಯುವ ಸೌರಭ’ ಯುವಕರಿಗೆ ವೇದಿಕೆ. 10ರಿಂದ 14 ವರ್ಷದ ಮಕ್ಕಳಿಗೆ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದ (ಸಿಸಿಆರ್‌ಟಿ) ವಿದ್ಯಾರ್ಥಿವೇತನ. 18ರಿಂದ 25ರವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುವ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ. ದೊಡ್ಡವರಿಗೆ ಫೆಲೋಶಿಪ್: 25ರಿಂದ 40ರವರಿಗೆ ತಿಂಗಳಿಗೆ 10,000, ನಲವತ್ತು ದಾಟಿದವರಿಗೆ 20,000, ಅದೂ ಎರಡು ವರ್ಷ. ಇದಕ್ಕೆ ಒಂದು ಯೋಜನೆ ಬರೆದುಕೊಡಬೇಕು. ಕೊಡವರ ಜನಪದ ಹಾಡು ಬಾಳೋ ಪಾಟ್ ಹಾಡುವ ಹಿರಿಯರ ಧ್ವನಿ ಮುದ್ರಿಸಿಟ್ಟು ಅರ್ಥ ಬರೆಯುತ್ತೇನೆ ಅಂತ ಹೊರಟರೆ ಅದೇ ಒಳ್ಳೆಯ ಯೋಜನೆ.

ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಸರ್ಕಾರದ್ದಲ್ಲ. 1993ರಲ್ಲಿ ಶುರುವಾದದ್ದು. ಸಂಶೋಧನೆಗೆ, ಹೊಸ ಪ್ರಯೋಗಕ್ಕೆ, ಶಾಲೆಯಲ್ಲಿ ಕಲೆ ಕಲಿಸುವುದಕ್ಕೆ ಹಣ ಕೊಡುತ್ತಾರೆ. ಕನ್ನಡದಲ್ಲೇ ಬರೆದು ಕಳಿಸಬಹುದು. ಸರ್ಕಾರಿ ಶಾಲೆಯ ಟೀಚರುಗಳು ಅವರ ‘ಕಲಿ-ಕಲಿಸು’ ನೋಡಲೇಬೇಕು. ನಾನು ಕೆಲಸದಲ್ಲಿದ್ದಾಗ ಇದು ಗೊತ್ತಿದ್ದರೆ ನಮ್ಮ ಶಾಲೆಯ ಜೇನುಕುರುಬ ಮಕ್ಕಳ ಹಾಡುಗಳನ್ನು ತರಗತಿಗೇ ತರುತ್ತಿದ್ದೆ. ಆ ಬೇಜಾರು ಈಗಲೂ ಇದೆ.

ಬುಟ್ಟಿ, ಚಾಪೆ ಹೆಣೆಯುವವರಿಗೆ ಇನ್ನೊಂದು ಬಾಗಿಲು: 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ. 18 ಕಸುಬುಗಳಲ್ಲಿ ಇದೂ ಒಂದು. ತರಬೇತಿ, ಉಪಕರಣಕ್ಕೆ 15,000ದವರೆಗೆ, ಮತ್ತೆ ಕಡಿಮೆ ಬಡ್ಡಿಯ ಸಾಲ. ಮನೆಗೆ ಒಬ್ಬರಿಗೆ ಮಾತ್ರ. ಡೋಲು ಬಾರಿಸುವ ಮೇದರ ಮನೆಗಳಲ್ಲಿ ಹೆಣೆಯುವ ಕೈಯೂ ಇರುತ್ತದೆ, ಅದಕ್ಕೇ ಇಲ್ಲಿ ಹೇಳಿದೆ.

ಮನೆಯ ವಿಷಯಕ್ಕೆ ಬರೋಣ. ಕಲಾವಿದ ಅನ್ನುವ ಪತ್ರ ಹಿಡಿದು ಓಡಾಡುವುದಕ್ಕಿಂತ ಗ್ರಾಮಸಭೆಗೆ ಹೋಗುವುದು ಮುಖ್ಯ. ಬಸವ ವಸತಿ, ಅಂಬೇಡ್ಕರ್ ನಿವಾಸ, ಪಿಎಂ ಆವಾಸ್, ಇವುಗಳಿಗೆ ಹಳ್ಳಿಯಲ್ಲಿ ಫಲಾನುಭವಿಗಳ ಆಯ್ಕೆ ಆಗುವುದು ಗ್ರಾಮಸಭೆಯಲ್ಲಿ. ಆ ದಿನ ವಾಲಗದವರು ಬಾಗಿಲಲ್ಲಿ ಊದಿ ಸ್ವಾಗತ ಮಾಡಿ ಹೊರಗೇ ನಿಂತುಬಿಡುತ್ತಾರೆ. ಒಳಗೆ ಬಂದು ಕೂತು ಹೆಸರು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ನಮ್ಮಲ್ಲಿ ಎಷ್ಟೋ ಎರವ, ಕುರುಬ ಕಲಾವಿದರು ತೋಟದ ಲೈನ್ ಮನೆಯಲ್ಲಿ, ಅಂದರೆ ಮಾಲೀಕರು ಕೆಲಸದವರಿಗೆ ಕಟ್ಟಿಸಿದ ಸಾಲುಮನೆಯಲ್ಲಿದ್ದಾರೆ. ಜಾಗ ಅವರದ್ದಲ್ಲ. ಅಂಥವರು ಮೊದಲು ನಿವೇಶನ ರಹಿತರ ಪಟ್ಟಿಗೆ ಹೆಸರು ಕೊಡಬೇಕು. ಜಾಗ ಇದ್ದು ಮನೆ ಇಲ್ಲದವರದ್ದು ವಸತಿ ರಹಿತರ ಪಟ್ಟಿ. ಇವೆರಡೂ ಬೇರೆ. ತಪ್ಪು ಪಟ್ಟಿಯಲ್ಲಿ ಹೆಸರು ಬಿದ್ದರೆ ವರ್ಷಗಳೇ ಹೋಗುತ್ತವೆ. ಮನೆ ಸಾಮಾನ್ಯವಾಗಿ ಹೆಂಗಸಿನ ಹೆಸರಿಗೇ ಆಗುವುದರಿಂದ ಅವಳ ಆಧಾರ್, ಬ್ಯಾಂಕು ಸರಿ ಇರಲಿ. ಹಣ ಒಟ್ಟಿಗೆ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ ಹೀಗೆ ಹಂತ ಹಂತವಾಗಿ, ಪ್ರತಿ ಹಂತದ ಫೋಟೋ ಏರಿದ ಮೇಲೆ. ಆದೇಶ ಕೈಗೆ ಬರುವ ಮೊದಲು ಕಟ್ಟಲು ಶುರು ಮಾಡಬೇಡಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದ ಕೂಡಲೇ ತಳಪಾಯ ಹಾಕಿದರೆ ಮಳೆಗೆ ಮೊದಲು ಛಾವಣಿ ಕಾಣಬಹುದು.

ಪ್ರಶಸ್ತಿ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಗೌರವ ಬಂದರೆ ಮಾಸಾಶನದ ಫೈಲು ಗಟ್ಟಿಯಾಗುತ್ತದೆ, ಮೊಮ್ಮಕ್ಕಳು ವಾದ್ಯ ಮುಟ್ಟುತ್ತಾರೆ. ಮಡಿಕೇರಿಯಲ್ಲೇ ಎರಡು ಅಕಾಡೆಮಿಗಳಿವೆ: 1994ರಲ್ಲಿ ಶುರುವಾದ ಕೊಡವ ಸಾಹಿತ್ಯ ಅಕಾಡೆಮಿ, 2011ರ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ. ಬೆಂಗಳೂರಿನಲ್ಲಿ ಜಾನಪದ ಅಕಾಡೆಮಿ. ನವೆಂಬರ್ 1ಕ್ಕೆ ಜಿಲ್ಲಾ ಮಟ್ಟದ ಪ್ರಶಸ್ತಿ. ರಾಜ್ಯೋತ್ಸವ ಪ್ರಶಸ್ತಿಗೆ 60 ವರ್ಷ ಆಗಿರಬೇಕು, 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ. ಕೆಲವು ವರ್ಷ ಸೇವಾ ಸಿಂಧುವಿನಲ್ಲಿ ಸಾರ್ವಜನಿಕರಿಂದ ಹೆಸರು ಕೇಳಿದ್ದಾರೆ. ನಲವತ್ತರ ಒಳಗಿನವರಿಗೆ ಸಂಗೀತ ನಾಟಕ ಅಕಾಡೆಮಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ ಇದೆ.

ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಸೂಚಿಸಬಹುದು. ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ, ಪೈಸೆ ಖರ್ಚಿಲ್ಲದೆ. 2023ರಲ್ಲಿ ರಾಣಿ ಮಾಚಯ್ಯ ಅವರಿಗೆ ಪದ್ಮಶ್ರೀ ಬಂದದ್ದು ನಮ್ಮ ಉಮ್ಮತ್ತಾಟ್‌ಗೇ ಅಲ್ವಾ? ಅಲ್ಲಿ ಸಾಧನೆಯನ್ನು 800 ಪದದೊಳಗೆ ಬರೆಯಬೇಕು. ಬರೆಯುವಾಗ ನಮ್ಮವರು ಮಾಡುವ ತಪ್ಪು ಒಂದೇ. ‘ಕಲಾಸರಸ್ವತಿಯ ವರಪುತ್ರ, ನಾಡಿನ ಹೆಮ್ಮೆ’ ಅಂತ ಅರ್ಧ ಪುಟ ತುಂಬಿಸುತ್ತಾರೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಹದಿನಾರನೇ ವಯಸ್ಸಿಗೆ ಅಪ್ಪನಿಂದ ಕಲಿತರು. ಸಾವಿಗೆ ಊದುವ ವರಸೆ, ಮದುವೆಗೆ ಊದುವ ವರಸೆ, ದೇವರ ಮುಂದಿನ ವರಸೆ, ಮೂರೂ ಬಲ್ಲವರು ಈ ನಾಡಿನಲ್ಲಿ ಈಗ ಇವರೊಬ್ಬರೇ. ಭಾನುವಾರ ಒಂಬತ್ತು ಹುಡುಗರಿಗೆ ದುಡ್ಡು ತೆಗೆದುಕೊಳ್ಳದೆ ಕಲಿಸುತ್ತಾರೆ.’ ಅಜ್ಜನ ಬಗ್ಗೆ ನಾನು ಬರೆದದ್ದು ಹೀಗೆ. ಇದನ್ನು ಬರೆಯಲು ಮೂರು ಸಂಜೆ ಅವರ ಎದುರು ಕೂತು ಕೇಳಿದ್ದೆ. ಒಂದು ವರಸೆ ನೆನಪಾಗದೆ ಅವರು ಬೆರಳನ್ನು ಮೊಣಕಾಲ ಮೇಲೆ ಆಡಿಸಿದರು, ಬೆರಳಿಗೆ ನೆನಪಿತ್ತು. ಆ ಸಾಲೂ ಬರೆದೆ.

ಕಲೆಗೆ ಬೆಂಬಲ ಕೊಡುವವರಿಗೆ ಎರಡು ಮಾತು. ಸಂಘ ಕಟ್ಟುವುದಾದರೆ ಕನಿಷ್ಠ ಏಳು ಜನ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ನೋಂದಾಯಿಸಿ. ವರ್ಷ ವರ್ಷ ಆಡಿಟ್ ಮಾಡಿಸಿ, ಸಹಾಯಧನ ಕೇಳುವಾಗ ಹಿಂದಿನ ವರ್ಷಗಳ ಲೆಕ್ಕ ಕೇಳಿಯೇ ಕೇಳುತ್ತಾರೆ. ಕೇಂದ್ರದ ಅನುದಾನಕ್ಕೆ ಎನ್‌ಜಿಒ ದರ್ಪಣ್ ಪೋರ್ಟಲ್‌ನ ಸಂಖ್ಯೆ ಬೇಕು. ದಾನ ಕೊಡುವವರು ಸಂಘಕ್ಕೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (80ಜಿ ಅಂತ ಕರೆಯುವುದು) ಇದೆಯಾ ಕೇಳಿ, 2,000 ರೂಪಾಯಿಗಿಂತ ಜಾಸ್ತಿ ಕೊಡುವುದಾದರೆ ನಗದಾಗಿ ಕೊಡಬೇಡಿ, ತೆರಿಗೆ ರಿಯಾಯಿತಿ ಸಿಗುವುದಿಲ್ಲ. ತೋಟದ ಮಾಲೀಕರು ಲೈನ್ ಮನೆಯ ಕಲಾವಿದರಿಗೆ ‘ಇಷ್ಟು ವರ್ಷದಿಂದ ಇಲ್ಲಿ ವಾಸ ಇದ್ದಾರೆ’ ಅಂತ ಒಂದು ಪತ್ರ ಸಹಿ ಮಾಡಿ ಕೊಟ್ಟರೆ ಸಾವಿರ ರೂಪಾಯಿ ಬಕ್ಷೀಸಿಗಿಂತ ದೊಡ್ಡ ಉಪಕಾರ.

ಹಬ್ಬದ ಸಮಿತಿಯವರಲ್ಲಿ, ಸಮಾಜಗಳವರಲ್ಲಿ ನನ್ನ ಬೇಡಿಕೆ ಇದೊಂದೇ: ಕಾರ್ಡು ಅಚ್ಚಿಗೆ ಕೊಡುವ ಮೊದಲು ತಂಡದವರನ್ನು ಕರೆದು ಎಲ್ಲರ ಹೆಸರು, ಆಧಾರ್‌ನಲ್ಲಿ ಇದ್ದ ಹಾಗೇ, ಬರೆದುಕೊಳ್ಳಿ. ದುಡ್ಡು ಕೊಟ್ಟಾಗ ಹೆಸರು, ತಾರೀಖು, ಸೀಲು ಇರುವ ರಸೀದಿಯನ್ನೂ ಕೊಡಿ. ನಮ್ಮೂರ ಸಮಿತಿ ಹೋದ ವರ್ಷ ಕಾರ್ಡಿನ ಹಿಂದಿನ ಪುಟದಲ್ಲಿ ವಾಲಗದ ಆರು ಜನರ ಹೆಸರು ಹಾಕಿಸಿತು. ಜಾಗ ಸಾಲದೆ ಅಕ್ಷರ ಸಣ್ಣದಾಯಿತು. ಅಜ್ಜ ಕನ್ನಡಕ ಹಾಕಿಕೊಂಡು ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಅದನ್ನು ಮಡಚದೆ ನನ್ನ ಕೈಗೆ ಕೊಟ್ಟು, “ಇದನ್ನು ಫೈಲಿಗೆ ಹಾಕಿ ಟೀಚರೇ” ಅಂದರು.