ಆಫೀಸ್ ಲಾಬಿಯಲ್ಲಿ ಜನರ ಜೊತೆ ಸಾಗುವ ಬೆಳಕು: ನನ್ನ ಅನುಭವ

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಒಂದು ಐಟಿ ಆಫೀಸಿನ ಲಾಬಿಗೆ 10 ಮೀಟರ್ ಉದ್ದದ ಬೆಳಕಿನ ಗೋಡೆ ಮಾಡಿದೆವು. ಪ್ಲೈವುಡ್ ಪಟ್ಟಿ, ನಡುವೆ ಹಾಲುಬಿಳಿ ಅಕ್ರಿಲಿಕ್, ಅದರ ಹಿಂದೆ ಎಲ್‌ಇಡಿ ಸ್ಟ್ರಿಪ್. ಯಾರಾದರೂ ನಡೆದು ಹೋದರೆ ಬೆಳಕೂ ಅವರ ಜೊತೆ ಸಾಗುತ್ತದೆ, ನಿಂತರೆ ಅಲ್ಲೇ ಮೆಲ್ಲಗೆ ಹರಡಿಕೊಳ್ಳುತ್ತದೆ.

ಇಂಥ ಕೆಲಸ ಅಂದ ತಕ್ಷಣ ಎಲ್ಲರೂ ಬಣ್ಣದ ಬಗ್ಗೆ ಕೇಳುತ್ತಾರೆ. ನಾನು ಹೆಚ್ಚು ಸಮಯ ಕೊಟ್ಟಿದ್ದು ಬೆಳಕು ಏರುವ, ಇಳಿಯುವ ವೇಗಕ್ಕೆ. ಬಂದವರಿಗೆ ಅದು ಒಂದು ನಿಮಿಷದ ಖುಷಿ. ರಿಸೆಪ್ಷನ್‌ನಲ್ಲಿ ಕೂರುವವರಿಗೆ ದಿನಕ್ಕೆ ಎಂಟು ಗಂಟೆ ಕಣ್ಣೆದುರೇ ಇರುತ್ತದೆ. ಟ್ರಯಲ್ ಹೊತ್ತಿನಲ್ಲಿ ಅಲ್ಲಿದ್ದ ಹುಡುಗಿ, "ಸರ್, ಇದು ದಿನಾ ಹೀಗೇ ಕುಣೀತಾ ಇರುತ್ತಾ?" ಅಂತ ಕೇಳಿದಳು. ಅವಳ ಕುರ್ಚಿಯಲ್ಲೇ ಕೂತು ಸೆಟ್ಟಿಂಗ್ ಮುಗಿಸಿದೆ. ಏರುವುದು ಅರ್ಧ ಸೆಕೆಂಡಿಗಿಂತ ಕಡಿಮೆ, ಯಾಕಂದ್ರೆ ತಡವಾದರೆ ತನ್ನಿಂದ ಬೆಳಕು ಬಂತು ಅಂತ ನಡೆಯುವವರಿಗೆ ಅನಿಸುವುದೇ ಇಲ್ಲ. ಇಳಿಯುವುದು ನಾಲ್ಕೈದು ಸೆಕೆಂಡ್. ಯಾರೂ ಇಲ್ಲದಾಗಲೂ ಪೂರ್ತಿ ಆರಬಾರದು, ಸ್ವಲ್ಪ ಬೆಳಕು ಉಳಿಯಬೇಕು. ಏರಿಳಿತ ಕಣ್ಣಿಗೆ ಸಮನಾಗಿ ಕಾಣುವಂತೆ ಬೆಳಕಿನ ಮಟ್ಟ ಹೊಂದಿಸುವ ಗಾಮಾ ಕರೆಕ್ಷನ್ ಹಾಕಲೇಬೇಕು, ಇಲ್ಲದಿದ್ದರೆ ಇಳಿಯುವಾಗ ಕೊನೆಯಲ್ಲಿ ಬೆಳಕು ಧಡಕ್ ಅಂತ ಬಿದ್ದ ಹಾಗೆ ಕಾಣುತ್ತದೆ.

ಸೆನ್ಸರ್‌ಗೆ ಕ್ಯಾಮೆರಾ ಇಡೋಣ ಅನ್ನೋ ಮಾತು ಬಂತು. ನಾನು ಒಪ್ಪಲಿಲ್ಲ. ಅಲಂಕಾರದ ಲೈಟಿಗೆ ಜನರ ಮುಖ ಯಾಕೆ ಬೇಕು? ಓಡಾಡುವವರ ಮೈಶಾಖವನ್ನು ಹಿಡಿಯುವ ಪಿಐಆರ್ ಸೆನ್ಸರ್ ಅಕ್ರಿಲಿಕ್ ಹಿಂದೆ ಕೆಲಸ ಮಾಡಲ್ಲ, ಸುಮ್ನೆ ನಿಂತವರನ್ನೂ ಗುರುತಿಸಲ್ಲ. ಹಾಗಾಗಿ 24 ಗಿಗಾಹರ್ಟ್ಸ್‌ನ ರೇಡಾರ್ ಮಾಡ್ಯೂಲ್, ಎಲ್‌ಡಿ2410, ಎರಡೆರಡು ಮೀಟರಿಗೆ ಒಂದರಂತೆ ಹಾಕಿದೆವು. ಅದು ಪ್ಲೈವುಡ್ ದಾಟಿ ನೋಡುತ್ತದೆ. ಆದರೆ ಜಿಪ್ಸಮ್ ಗೋಡೆಯನ್ನೂ ದಾಟುತ್ತದೆ, ಅಂದರೆ ಹಿಂದಿನ ಕಾರಿಡಾರಿನಲ್ಲಿ ಓಡಾಡುವವರಿಗೂ ಲೈಟ್ ಏಳಬಹುದು. ಅದಕ್ಕೆ ಸೆನ್ಸರ್ ಹಿಂದೆ ಅಲ್ಯೂಮಿನಿಯಂ ಶೀಟ್ ಕೊಟ್ಟೆವು.

ಸ್ಟ್ರಿಪ್ ವಿಷಯಕ್ಕೆ ಬಂದರೆ, 5 ವೋಲ್ಟಿನ ಡಬ್ಲ್ಯೂಎಸ್2812ಬಿ ಅನ್ನೋ ಮಾದರಿ ಅಗ್ಗ. ಪೂರ್ತಿ ಬಿಳಿ ಬೆಳಕಿಗೆ ಒಂದೊಂದು ಎಲ್‌ಇಡಿ ಸುಮಾರು 60 ಮಿಲಿಆಂಪ್ ತಿನ್ನುತ್ತದೆ, ಮೀಟರಿಗೆ 60 ಇದ್ದರೆ 3.6 ಆಂಪ್. ತುದಿ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಇಳಿದು ಬಿಳಿ ಹೋಗಿ ಹಳದಿ, ಕೆಂಪು ಛಾಯೆ ಬರುತ್ತದೆ. ನಾನು 12 ವೋಲ್ಟಿನ ಡಬ್ಲ್ಯೂಎಸ್2815 ತೆಗೆದುಕೊಂಡೆ. ಅದಕ್ಕೆ ಎರಡನೇ ಡೇಟಾ ಲೈನ್ (ಎಲ್‌ಇಡಿಗಳಿಗೆ ಸಿಗ್ನಲ್ ಒಯ್ಯುವ ತಂತಿ) ಇದೆ, ಒಂದು ಎಲ್‌ಇಡಿ ಸತ್ತರೂ ಮುಂದಿನವು ಉರಿಯುತ್ತವೆ. ಆದರೂ ಪವರ್ ಅನ್ನು ಎರಡು ತುದಿಯಿಂದಲೂ, ನಡುವಿನಿಂದಲೂ ಕೊಟ್ಟೆವು. ಸ್ಟ್ರಿಪ್‌ಗೆ ಪವರ್ ಕೊಡುವ ಎಸ್‌ಎಂಪಿಎಸ್‌ಗಳನ್ನು ಗೋಡೆಯೊಳಗೆ ಮುಚ್ಚಿಡಲಿಲ್ಲ, ಗಾಳಿಯಾಡುವ ಪಕ್ಕದ ಎಲೆಕ್ಟ್ರಿಕಲ್ ರೂಮಿನಲ್ಲಿಟ್ಟೆವು. ರಿಪೇರಿಗೆ ಅಕ್ರಿಲಿಕ್ ಪಟ್ಟಿಗಳು ಮ್ಯಾಗ್ನೆಟ್‌ನಲ್ಲಿ ಕೂತಿವೆ, ಎಲೆಕ್ಟ್ರಿಷಿಯನ್ ಒಬ್ಬರೇ ಬಿಚ್ಚಬಹುದು.

ಇನ್ನೊಂದು ವಿಷಯವನ್ನು ಮೊದಲೇ ಹಟ ಹಿಡಿದು ಡ್ರಾಯಿಂಗಿಗೆ ಸೇರಿಸಿದ್ದೆ. ಫೈರ್ ಅಲಾರಂ ಪ್ಯಾನೆಲ್‌ನಿಂದ ಒಂದು ರಿಲೇ ವೈರ್ ಲೈಟುಗಳನ್ನು ನಡೆಸುವ ನಮ್ಮ ಕಂಟ್ರೋಲರಿಗೆ ಬರುತ್ತದೆ. ಅಲಾರಂ ಆದರೆ ಎಲ್ಲ ಎಫೆಕ್ಟ್ ನಿಂತು ಗೋಡೆ ಪೂರ್ತಿ ಅಲುಗಾಡದ ಬಿಳಿ ಬೆಳಕಿಗೆ ಬರುತ್ತದೆ. ಎಕ್ಸಿಟ್ ಬೋರ್ಡ್ ಹುಡುಕುವವರ ಕಣ್ಣನ್ನು ನಮ್ಮ ಗೋಡೆ ಸೆಳೆಯಬಾರದು, ಅಲ್ವಾ.