ಹೈ-ಹ್ಯಾಟ್ ಇರುವುದು ಎಡಗಾಲಿನಲ್ಲಿ

ಡ್ರಮ್ ಸೆಟ್‌ನ ಹೈ-ಹ್ಯಾಟ್‌ನಲ್ಲಿ ಒಂದರ ಮೇಲೊಂದು ಎರಡು ಸಿಂಬಲ್ (ಲೋಹದ ತಟ್ಟೆ) ಇರುತ್ತವೆ; ಎಡಗಾಲಿನಿಂದ ಪೆಡಲ್ ಒತ್ತಿದರೆ ಅವು ಮುಚ್ಚುತ್ತವೆ, ಬಿಟ್ಟರೆ ತೆರೆಯುತ್ತವೆ. ಡ್ರಮ್ಸ್ ಕಲಿಯತೊಡಗಿದ ಮೊದಲ ಎರಡು ವರ್ಷ ನನ್ನ ಎಡಗಾಲು ಪೆಡಲ್ ಮೇಲೆ ಸುಮ್ಮನೆ ಮಲಗಿತ್ತು. ಕೈ ಟಿಕ್ ಟಿಕ್ ಎನ್ನಿಸುತ್ತಿತ್ತು, ಹೈ-ಹ್ಯಾಟ್ ಎಂದರೆ ಅಷ್ಟೇ ಎಂದುಕೊಂಡಿದ್ದೆ. ಒಮ್ಮೆ ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿದರೆ ಹೊಲಿಗೆ ಯಂತ್ರ ಓಡಿದ ಹಾಗಿತ್ತು.

ಮೊದಲು ಜೋಡಣೆ. ಮೇಲಿನ ಸಿಂಬಲ್ ಅನ್ನು ಸರಳಿಗೆ ಹಿಡಿದಿಡುವ ಕ್ಲಚ್ ಸಡಿಲಿಸಿ, ಆ ಸಿಂಬಲ್ ಕೆಳಗಿನದರಿಂದ ಸುಮಾರು 2 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲುವಂತೆ ಬಿಗಿ ಮಾಡಿ. ಕೆಳಗಿನ ಸಿಂಬಲ್‌ನ ಅಡಿಯಲ್ಲಿರುವ ತಿರುಪಿನಿಂದ ಅದನ್ನು ತುಸು ಓರೆಯಾಗಿಸಿ. ಎರಡೂ ಸಮನಾಗಿ ಕುಳಿತರೆ ನಡುವೆ ಗಾಳಿ ಸಿಕ್ಕಿಕೊಂಡು ‘ಚಿಕ್’ ಎನ್ನುವ ಸದ್ದು ಮಂಕಾಗುತ್ತದೆ.

ಕೈಗೆ ಹೆಚ್ಚು ಪಾಠ ಬೇಡ. ಸ್ಟಿಕ್‌ನ ತುದಿ ಸಿಂಬಲ್ ಮೈಗೆ ತಾಗಿದರೆ ತೆಳು ಸದ್ದು, ತುದಿಯಿಂದ ತುಸು ಹಿಂದಿನ ಭಾಗ ಅಂಚಿಗೆ ತಾಗಿದರೆ ದಪ್ಪ ಸದ್ದು. ‘ಒಂದು-ಮತ್ತು-ಎರಡು-ಮತ್ತು’ ಎಂದು ಎಣಿಸುತ್ತಾ ಅಂಕಿಗೆ ಅಂಚು, ‘ಮತ್ತು’ಗೆ ತುದಿ. ಹೊಲಿಗೆ ಯಂತ್ರ ಅಲ್ಲೇ ಅರ್ಧ ನಿಲ್ಲುತ್ತದೆ.

ಈಗ ಸ್ಟಿಕ್ ಕೆಳಗಿಡಿ. ತಾಳ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟು ಎರಡು ಮತ್ತು ನಾಲ್ಕನೆಯ ಎಣಿಕೆಗೆ ಎಡಗಾಲಿನಿಂದ ಮಾತ್ರ ‘ಚಿಕ್’ ಎನ್ನಿಸಿ, ಹತ್ತು ನಿಮಿಷ. ಬೇಸರದ ಕೆಲಸ ಎಂದು ನಾನೇ ಒಪ್ಪುತ್ತೇನೆ, ಆದರೂ ಬಿಡಬೇಡಿ.

ಆಮೇಲೆ ತೆರೆದ ಪೆಟ್ಟು. ನಾಲ್ಕರ ‘ಮತ್ತು’ಗೆ ತೆರೆದು ಬಾರಿಸಿ, ಮುಂದಿನ ಒಂದಕ್ಕೆ ಮುಚ್ಚಬೇಕು. ನಾನು ಮಂಡಿಯನ್ನೇ ಎತ್ತುತ್ತಿದ್ದೆ, ಹಾಗಾಗಿ ಕಾಲು ಇಳಿಯುವುದು ತಡವಾಗಿ ಅದೇ ಒಂದಕ್ಕೆ ಬಲಗಾಲಿನಿಂದ ಬಾರಿಸುವ ಬೇಸ್ ಡ್ರಮ್ ಮೊದಲು, ಮುಚ್ಚುವ ಸದ್ದು ಅದರ ಬಾಲದಂತೆ ಹಿಂದೆ: ‘ಢಬ್-ಚಿಕ್’. ಹಿಮ್ಮಡಿ ಪೆಡಲ್ ಮೇಲೇ ಇರಲಿ, ಪಾದದ ಮುಂಭಾಗ ಮಾತ್ರ ಏಳಲಿ, ಅದೂ ಪೆಟ್ಟಿಗಿಂತ ಒಂದು ಕ್ಷಣ ಮೊದಲು. ಸಿಂಬಲ್‌ಗಳು ಪೂರ್ತಿ ಬೇರೆಯಾಗುವುದು ಬೇಡ, ಒಂದಕ್ಕೊಂದು ಉಜ್ಜಿ ‘ಶ್ಶ್’ ಎಂದರೆ ಸಾಕು. ಇನ್ನೂ ಎರಡು ಸದ್ದು ಕೇಳಿದರೆ ಕೈ ನಿಲ್ಲಿಸಿ, ಎರಡೂ ಪಾದಗಳನ್ನು ಒಟ್ಟಿಗೆ ಒತ್ತುವುದನ್ನಷ್ಟೇ 50ರ ವೇಗದಲ್ಲಿ ಮಾಡಿ. ಎರಡೂ ಕೂಡಿ ಒಂದೇ ಸದ್ದಾಗಲು ನನಗೆ ಮೂರು ವಾರ ಹಿಡಿಯಿತು.

ಕಾಲಿನಿಂದಲೇ ‘ಛಣ್’ ಎನ್ನಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ: ಕೈತಾಳ ತಾಗಿಸಿ ತಕ್ಷಣ ಬಿಡಿಸಿದ ಹಾಗೆ, ಪೆಡಲ್ ಒತ್ತಿದೊಡನೆ ಬಿಡಬೇಕು. ಸದ್ದು ಸತ್ತರೆ ನೀವು ಇನ್ನೂ ಒತ್ತಿಕೊಂಡೇ ಇದ್ದೀರಿ.